ಅಡಿಕೆಗೆ ಮದ್ದು ಬಿಡುವ ದಿನಕ್ಕೆ ಬೇರೆಯೇ ಪಟ್ಟಿ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಅಡಿಕೆ ಕೃಷಿಕರ ಮನೆಯ ಸೊಸೆ. ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲಾ ಅಧ್ಯಾಪಿಕೆಯ ಹುದ್ದೆಗಾಗಿ ಕೇರಳ ಲೋಕಸೇವಾ ಆಯೋಗದ (ಪಿ.ಎಸ್.ಸಿ.) ಪರೀಕ್ಷೆಗೆ ಓದುತ್ತಿದ್ದೇನೆ. ಮೊಬೈಲಿನಲ್ಲಿ ನೋಡಿದ ದಿನಚರಿಯಂತೆ ಬೆಳಗ್ಗೆ ಐದಕ್ಕೆ ಎದ್ದು ಓದುವುದೆಂದೂ ಸಂಜೆ ಅರ್ಧ ಗಂಟೆ ನಡೆಯುವುದೆಂದೂ ನಿಶ್ಚಯಿಸಿದೆ. ಮೂರನೆಯ ದಿನಕ್ಕೇ ಎಲ್ಲ ತಪ್ಪಿತು. ಮನೆಯಲ್ಲಿ ಎರಡು ದನಗಳು, ಶಾಲೆಗೆ ಹೋಗುವ ಮಗ, ವಯಸ್ಸಾದ ಅತ್ತೆ ಇದ್ದಾರೆ. ಬೆಳಗ್ಗೆ ಆರೂವರೆಗೆ ಹಾಲು ಸೊಸೈಟಿಗೆ ಮುಟ್ಟಬೇಕು. ನನ್ನಂಥವರು ದಿನಚರಿ ಹಾಕಿಕೊಳ್ಳುವುದು ಹೇಗೆ?
— ಒಬ್ಬ ಸಹೋದರಿ

ಉತ್ತರ: ಐದು ಗಂಟೆಯೆಂಬುದು ಆ ದಿನಚರಿ ಹೇಳಿದವರಿಗೆ ಖಾಲಿ ಹೊತ್ತಾಗಿರಬಹುದು, ನಿಮಗೆ ಅದು ದನದ ಹಟ್ಟಿಯ ಹೊತ್ತು. ಆದುದರಿಂದ ತಪ್ಪಿದ್ದು ನಿಮ್ಮ ಸೋಮಾರಿತನದಿಂದಲ್ಲ.

ಮೊದಲ ಒಂದು ವಾರ ಯಾವ ಯೋಜನೆಯನ್ನೂ ಹಾಕಬೇಡಿ. ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಹಾಳೆ ತೂಗುಹಾಕಿ, ಮಾಡಬೇಕಾದದ್ದನ್ನಲ್ಲ, ನಡೆದದ್ದನ್ನು ಮಾತ್ರ ಬರೆಯಿರಿ. ಅತ್ತೆಯವರು ಉಂಡು ಮಲಗಿದ ಮೇಲೆ ಸಂಜೆಯ ಹಾಲು ಕರೆಯುವ ತನಕ ಎಷ್ಟು ಹೊತ್ತು ಉಳಿಯುತ್ತದೆ, ಅದರಲ್ಲಿ ಎಷ್ಟು ಮೊಬೈಲಿಗೆ ಹೋಗುತ್ತದೆ ಎಂಬುದು ಆ ಹಾಳೆಯಲ್ಲಿ ತಾನಾಗಿ ಕಾಣುತ್ತದೆ. ಓದಿಗೆ ಆ ಹೊತ್ತನ್ನೇ ಹಿಡಿಯಿರಿ. ಆದರೆ ಅದನ್ನು ‘ಎರಡು ಗಂಟೆಗೆ’ ಎಂದು ಗಡಿಯಾರಕ್ಕೆ ಕಟ್ಟದೆ, ‘ಮಧ್ಯಾಹ್ನದ ಪಾತ್ರೆ ತೊಳೆದು ಕವುಚಿಟ್ಟ ಕೂಡಲೇ ಪುಸ್ತಕ ತೆರೆಯುತ್ತೇನೆ’ ಎಂದು ಕೆಲಸಕ್ಕೆ ಕಟ್ಟಿರಿ. ಇಂಥ ಸಂದರ್ಭ ಬಂದಾಗ ಇಂಥದ್ದು ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿಟ್ಟರೆ ಕೆಲಸ ಸಾಗುವ ಸಂಭವ ಹೆಚ್ಚೆಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಷ್ಟು ಹಿಂದೆಯೇ ವಿವರಿಸಿದ್ದಾರೆ.

ನಮ್ಮ ಕಡೆಯಲ್ಲಿ ಒಂದೇ ಪಟ್ಟಿ ವರ್ಷವಿಡೀ ನಡೆಯದು. ಮಳೆಗಾಲ ಹಿಡಿಯುವ ಮೊದಲೊಮ್ಮೆ, ಮತ್ತೆ 40–45 ದಿನಗಳಲ್ಲಿ ಇನ್ನೊಮ್ಮೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ (ಸಿಂಪಡಿಸುವಾಗ) ಆಳುಗಳ ಚಹಾ, ಊಟವೆಂದು ಇಡೀ ದಿನ ಒಲೆಯ ಮುಂದೆ ಕಳೆಯುತ್ತದೆ. ಮಳೆ ಬಂದು ಕೆಲಸ ಅರ್ಧಕ್ಕೆ ನಿಂತರೆ ಮರುದಿನವೂ ಅದೇ ಕಥೆ. ಅಂಥ ದಿನಗಳಿಗೆಂದು ಕಿರಿದಾದ ಇನ್ನೊಂದು ಪಟ್ಟಿ ಇರಲಿ: ಹಳೆಯ ಪ್ರಶ್ನೆಪತ್ರಿಕೆಯ ಹತ್ತು ಪ್ರಶ್ನೆಗಳು, ಅಷ್ಟೇ. ಅದೂ ಆಗದಿದ್ದರೆ ಬಿಟ್ಟುಬಿಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೊಸ ಅಭ್ಯಾಸವೊಂದು ರೂಢಿಯಾಗಲು ಜನರಿಗೆ 18ರಿಂದ 254 ದಿನಗಳವರೆಗೆ ಬೇಕೆಂದು ಅಂದಾಜಾಯಿತು, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ನೀವಾದರೋ ಮೂರನೆಯ ದಿನಕ್ಕೇ ತೀರ್ಪು ಕೊಟ್ಟಿದ್ದೀರಿ!

ನಡಿಗೆಗೆ ಬೇರೆ ಹೊತ್ತು ಹುಡುಕಬೇಕಿಲ್ಲ. ಸೊಸೈಟಿಯಲ್ಲಿ ಸಂಜೆಯೂ ಹಾಲು ತೆಗೆದುಕೊಳ್ಳುವುದಾದರೆ, ಬೈಕಿನಲ್ಲಿ ಹೋಗುವ ಆ ಕ್ಯಾನನ್ನು ವಾರದಲ್ಲಿ ನಾಲ್ಕು ದಿನ ನೀವೇ ಹಿಡಿದುಕೊಂಡು ನಡೆದು ಹೋಗಿ. ಆ ಹೊತ್ತಿಗೆ ಮಗನ ಚಹಾ, ತಿಂಡಿಯನ್ನು ಯಜಮಾನರು ನೋಡಿಕೊಳ್ಳಬಹುದು. ಈ ಮಾತನ್ನು ಮಾತ್ರ ಪಟ್ಟಿ ಬರೆಯುವ ಮೊದಲೇ ಅವರೊಡನೆ ಆಡಿ ಮುಗಿಸಿಕೊಳ್ಳಿ.