ಓದುಗರ ಪ್ರಶ್ನೆ: ಬ್ರಿಟನ್ ಸಂಸತ್ತಿಗೆ ಬಾಗಿಲು ಹಾಕಿದ್ದು, ಕೋರ್ಟು ತೆಗೆಸಿದ್ದು

ಹಿಂದಿನ ಸಂಚಿಕೆಯ ಕಾನೂನು ಪುಟದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರ್ 24ರಂದು ಕೊಟ್ಟ ತೀರ್ಪಿನ ಬಗ್ಗೆ ಚಿಕ್ಕ ಟಿಪ್ಪಣಿ ಇತ್ತು. ಪ್ರಧಾನಿ ಬೋರಿಸ್ ಜಾನ್ಸನ್ ಐದು ವಾರ ಸಂಸತ್ತನ್ನು ಪ್ರೊರೋಗ್ ಮಾಡಿಸಿದ್ದು, ಅಂದರೆ ಅಧಿವೇಶನವನ್ನೇ ಮುಗಿಸಿ ಬಾಗಿಲು ಹಾಕಿಸಿದ್ದು, ಕಾನೂನುಬಾಹಿರ ಎಂದು ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪು ಅದು. ಬಂದ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಅಲ್ಲಿನ ಸಂಸತ್ತು ಹೇಗೂ ಪ್ರತಿ ಸೆಪ್ಟೆಂಬರಿನಲ್ಲಿ ಮೂರು ವಾರ ರಜೆ ಹೋಗುತ್ತದಂತೆ. ಹಾಗಿದ್ದ ಮೇಲೆ ಜನ ಬೀದಿಗಿಳಿದು ‘ಇದು ಕ್ಷಿಪ್ರಕ್ರಾಂತಿ’ ಎಂದು ಕೂಗಿದ್ದು ಅತಿಯಾಗಲಿಲ್ಲವೇ? (ಶಿರಸಿಯಿಂದ)

ಕ್ಷಿಪ್ರಕ್ರಾಂತಿ ಎಂಬ ಮಾತು ಅತಿ. ಸಿಟ್ಟು ಅತಿಯಲ್ಲ.

ಪಕ್ಷಗಳ ವಾರ್ಷಿಕ ಸಮ್ಮೇಳನಗಳಿಗಾಗಿ ಸೆಪ್ಟೆಂಬರಿನಲ್ಲಿ ಕೊಡುವ ರಜೆಯನ್ನು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ತಾನೇ ಮತ ಹಾಕಿ ತೀರ್ಮಾನಿಸುತ್ತದೆ. ಬೇಡವೆಂದರೆ ರಜೆ ಇಲ್ಲ. ರಜೆಯಲ್ಲೂ ಸಮಿತಿಗಳು ಸೇರಬಹುದು, ಸಂಸದರು ಮಂತ್ರಿಗಳಿಗೆ ಲಿಖಿತ ಪ್ರಶ್ನೆ ಹಾಕಬಹುದು. ಪ್ರೊರೋಗ್ ಆದರೆ ಇದಾವುದೂ ಇಲ್ಲ. ಸಂಸದರ ಮತವನ್ನು ಯಾರೂ ಕೇಳುವುದಿಲ್ಲ, ಸಮಿತಿ ಸೇರುವಂತಿಲ್ಲ, ಮುಂದಿನ ಅಧಿವೇಶನಕ್ಕೆ ಒಯ್ಯಲು ಮೊದಲೇ ಒಪ್ಪಿಗೆ ಪಡೆಯದ ಮಸೂದೆಗಳು ಬಿದ್ದುಹೋಗುತ್ತವೆ. ಕೌಟುಂಬಿಕ ದೌರ್ಜನ್ಯ ತಡೆ ಮಸೂದೆಯೂ ಹೀಗೆ ಬಿದ್ದದ್ದರಿಂದ, ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ ವಿಷಯದ, ಗೊಡವೆಯೇ ಇಲ್ಲದ ಮಹಿಳಾ ಸಂಘಟನೆಗಳೂ ದನಿಯೆತ್ತಿದವು.

ಇನ್ನು ಲೆಕ್ಕ ನೋಡಿ. ಐರೋಪ್ಯ ಒಕ್ಕೂಟದಿಂದ ಹೊರಬೀಳುವ ಗಡುವು ಅಕ್ಟೋಬರ್ 31. ಬೇಸಿಗೆ ರಜೆ ಮುಗಿಸಿ ಸಂಸತ್ತು ಸೇರಿದ್ದು ಸೆಪ್ಟೆಂಬರ್ 3ಕ್ಕೆ. ನಡುವೆ ಇದ್ದದ್ದು ಎಂಟು ವಾರ, ಸರ್ಕಾರ ಕಿತ್ತುಕೊಂಡದ್ದು ಅದರಲ್ಲಿ ಐದು. ಅದೂ ಬಹುಮತವಿಲ್ಲದ ಸರ್ಕಾರ: ಸೆಪ್ಟೆಂಬರ್ 3ರ ರಾತ್ರಿ ಸದನದ ಕಾರ್ಯಸೂಚಿಯ ಮೇಲಿನ ಹಿಡಿತವನ್ನೇ 328–301 ಮತಗಳಿಂದ ಕಳೆದುಕೊಂಡಿತು, ತನ್ನ ವಿರುದ್ಧ ಮತ ಹಾಕಿದ 21 ಮಂದಿ ಸ್ವಪಕ್ಷೀಯರನ್ನು ಹೊರಹಾಕಿತು. ರಜೆಯ ನಿರ್ಣಯವನ್ನು ಮತಕ್ಕೆ ಹಾಕಿದ್ದರೆ ಅದೂ ಬೀಳುವ ಸಂಭವವೇ ಹೆಚ್ಚಿತ್ತು. ಪ್ರೊರೋಗ್‌ಗೆ ಮತ ಬೇಕಿಲ್ಲ ಎಂಬುದೇ ಅದರ ಅನುಕೂಲ. ‘ಸಂಸತ್ತನ್ನು ಪ್ರೊರೋಗ್ ಮಾಡಬೇಡಿ’ ಎಂಬ ಆನ್‌ಲೈನ್ ಅರ್ಜಿಗೆ 17 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದದ್ದು ಈ ಹಿನ್ನೆಲೆಯಲ್ಲಿ.

ಆದೇಶ ಹೊರಟದ್ದು ರಾಣಿಯ ಹೆಸರಿನಲ್ಲಿ. ಅಂದ ಮೇಲೆ ಕೋರ್ಟು ರಾಣಿಯನ್ನೇ ತಪ್ಪಿತಸ್ಥೆ ಎಂದಂತಾಯಿತೇ? ತೀರ್ಪನ್ನು ಓದುವುದಾದರೆ ಎಲ್ಲಿಂದ ಶುರು ಮಾಡಬೇಕು? (ಧಾರವಾಡದ ಕಾನೂನು ವಿದ್ಯಾರ್ಥಿ)

ಇಲ್ಲ. ಕೋರ್ಟು ತೂಗಿ ನೋಡಿದ್ದು ರಾಣಿಗೆ ಪ್ರಧಾನಿ ಕೊಟ್ಟ ಸಲಹೆಯನ್ನು. ಸಲಹೆ ಬಂದರೆ ಒಪ್ಪುವುದು ಅಲ್ಲಿನ ರೂಢಿ. ಸಲಹೆಯೇ ಕಾನೂನಿಗೆ ಹೊರತಾದ್ದರಿಂದ ಅದರ ಮೇಲೆ ನಿಂತ ಆದೇಶವೂ ಬಿತ್ತು.

ತೀರ್ಪು ಇರುವುದು 71 ಪ್ಯಾರಾ. ಕೋರ್ಟಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಒಂದು ಸಂಜೆಗೆ ಓದಿ ಮುಗಿಸಬಹುದು. ಮೊದಲ ಪ್ಯಾರಾ ಬಿಡಬೇಡಿ: ಒಕ್ಕೂಟದಿಂದ ಯಾವಾಗ, ಯಾವ ಷರತ್ತಿನ ಮೇಲೆ ಹೊರಬರಬೇಕು ಎಂಬುದು ಇಲ್ಲಿನ ಪ್ರಶ್ನೆಯಲ್ಲ ಎಂದು ಅಲ್ಲೇ ಬರೆದಿದೆ. ತೀರ್ಪನ್ನು ಹೊಗಳಿದವರಲ್ಲೂ ಬೈದವರಲ್ಲೂ ಬಹುಪಾಲು ಜನ ಈ ಒಂದು ಸಾಲನ್ನು ದಾಟಿಯೇ ಮಾತಾಡಿದರು. ಆಮೇಲೆ ನೇರ 50ಕ್ಕೆ ಹೋಗಿ. ಸೂತ್ರ ಅಲ್ಲಿದೆ: ತಕ್ಕ ಕಾರಣವಿಲ್ಲದೆ ಸಂಸತ್ತು ತನ್ನ ಕೆಲಸ ಮಾಡದಂತೆ ತಡೆಯುವ ಪರಿಣಾಮ ಉಂಟಾದರೆ ಆ ಪ್ರೊರೋಗ್ ಕಾನೂನುಬಾಹಿರ. ಗಮನಿಸಿ, ಪರಿಣಾಮ. ಪ್ರಧಾನಿಯ ಮನಸ್ಸಿನಲ್ಲಿ ದುರುದ್ದೇಶವಿತ್ತೇ ಎಂಬ ಪ್ರಶ್ನೆಗೆ ಕೋರ್ಟು ಕೈಯೇ ಹಾಕಲಿಲ್ಲ. ‘ಪ್ರಧಾನಿ ರಾಣಿಗೆ ಸುಳ್ಳು ಹೇಳಿದರೆಂದು ಕೋರ್ಟು ತೀರ್ಮಾನಿಸಿತು’ ಎಂದು ನಮ್ಮ ಕೆಲವು ಟಿ.ವಿ. ಚರ್ಚೆಗಳಲ್ಲಿ ಕೇಳಿಬಂದದ್ದು ತೀರ್ಪಿನಲ್ಲಿ ಇಲ್ಲದ ಮಾತು.

ಹಾಗಾದರೆ ಸರ್ಕಾರ ಸೋತದ್ದೆಲ್ಲಿ? ಕಾಗದದಲ್ಲಿ. ಆಗಸ್ಟ್ 15ರಂದು ಪ್ರಧಾನಿ ಕಚೇರಿಯ ಅಧಿಕಾರಿಯೊಬ್ಬರು ಟಿಪ್ಪಣಿ ಇಟ್ಟರು, ಪ್ರಧಾನಿ ‘ಹೌದು’ ಎಂದು ಗುರುತು ಹಾಕಿದರು. ಮರುದಿನದ ಅವರ ಕೈಬರಹದಲ್ಲಿ ಸೆಪ್ಟೆಂಬರಿನ ಕಲಾಪವೇ ಒಂದು ಕಾಟಾಚಾರ ಎಂಬ ಧಾಟಿಯ ಮಾತಿತ್ತು. ಹೊಸ ಅಧಿವೇಶನದ ರಾಣಿಯ ಭಾಷಣಕ್ಕೆ ತಯಾರಿ ಬೇಕು ಎಂಬುದು ಸರ್ಕಾರದ ವಾದ. ಮಾಜಿ ಪ್ರಧಾನಿ ಜಾನ್ ಮೇಜರ್, ಅವರೂ ಜಾನ್ಸನ್ನರ ಪಕ್ಷದವರೇ, ಆ ತಯಾರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ಸಾಕು ಎಂದು ಲಿಖಿತ ಹೇಳಿಕೆ ಕೊಟ್ಟರು. ಸರ್ಕಾರದ ಕಡೆಯಿಂದ ಪ್ರಮಾಣ ಮಾಡಿ ಸಹಿ ಹಾಕಿದ ಒಂದು ಹೇಳಿಕೆಯೂ ಬರಲಿಲ್ಲ. ಐದು ದಿನದ ಕೆಲಸಕ್ಕೆ ಐದು ವಾರ ರಜೆ ಕೇಳಿ, ಅರ್ಜಿಯಲ್ಲಿ ಕಾರಣದ ಜಾಗ ಖಾಲಿ ಬಿಟ್ಟಂತಾಯಿತು. 61ನೇ ಪ್ಯಾರಾ ಓದಿ: ಒಳ್ಳೆಯ ಕಾರಣ ಹೋಗಲಿ, ಯಾವ ಕಾರಣವೂ ಕೋರ್ಟಿಗೆ ಕಾಣಲಿಲ್ಲ.

ಕೊನೆಗೆ 69. ಸಂಸತ್ತಿನೊಳಗಿನ ನಡಾವಳಿಯನ್ನು ಕೋರ್ಟು ಪ್ರಶ್ನಿಸಬಾರದು ಎಂಬ 1689ರ ಹಕ್ಕುಗಳ ಕಾಯ್ದೆಯ ನಿಯಮ ಸರ್ಕಾರದ ಕೊನೆಯ ಗುರಾಣಿ. ಪ್ರೊರೋಗ್ ಸಂಸತ್ತಿನ ತೀರ್ಮಾನವಲ್ಲ, ಹೊರಗಿನಿಂದ ಅದರ ಮೇಲೆ ಹೇರಿದ್ದು ಎಂದು ಕೋರ್ಟು ಅದನ್ನು ಬದಿಗಿಟ್ಟಿತು. ಆದೇಶ ಹೊತ್ತು ಬಂದವರು ಖಾಲಿ ಹಾಳೆ ಹಿಡಿದು ಸದನಕ್ಕೆ ಬಂದಂತೆ ಎಂಬ ಮಾತು ಬರುವುದು ಇಲ್ಲಿಯೇ. ಇದರಿಂದ ಒಂದು ವಿಚಿತ್ರ ಪರಿಣಾಮವೂ ಆಯಿತು. ಸಂಸತ್ ಕಟ್ಟಡದ ದುರಸ್ತಿಗೆ ಸಂಬಂಧಿಸಿದ ಮಸೂದೆಗೆ ರಾಣಿಯ ಅಂಕಿತ ಬಿದ್ದಿದೆ ಎಂದು ಘೋಷಿಸಿದ್ದು ಅದೇ ಪ್ರೊರೋಗ್ ಸಮಾರಂಭದಲ್ಲಿ. ಸಮಾರಂಭವೇ ನಡೆದಿಲ್ಲವೆಂದಾದಾಗ ಅಂಕಿತವೂ ಹೋಯಿತು. ಅಕ್ಟೋಬರ್ 8ರಂದು ಮತ್ತೆ ಘೋಷಿಸಬೇಕಾಯಿತು.

ಒಂದೇ ವಿಷಯಕ್ಕೆ ಲಂಡನ್ನಿನ ಕೋರ್ಟು ಒಂದು ಹೇಳಿತು, ಎಡಿನ್‌ಬರೋ ಕೋರ್ಟು ಇನ್ನೊಂದು. ನ್ಯಾಯಾಧೀಶರು ಪಕ್ಷಪಾತಿಗಳು ಎಂಬ ಆರೋಪದಲ್ಲಿ ಹುರುಳಿಲ್ಲವೇ? (ಮೈಸೂರು)

ವಿಷಯ ಸುಪ್ರೀಂ ಕೋರ್ಟಿಗೆ ಹೋಗುವ ಮುನ್ನ, ಸ್ಕಾಟ್ಲೆಂಡಿನ ಮೂವರು ಮೇಲ್ಮನವಿ ನ್ಯಾಯಾಧೀಶರು ಸೆಪ್ಟೆಂಬರ್ 11ರಂದು ಕ್ರಮ ಕಾನೂನುಬಾಹಿರ ಎಂದರು. ಲಂಡನ್ನಿನ ಹೈಕೋರ್ಟಿನ ಮೂವರು, ಇದು ರಾಜಕೀಯದ ವಿಷಯ, ಕೋರ್ಟು ಅಳೆಯಲು ಮಾನದಂಡವಿಲ್ಲ ಎಂದು ಅರ್ಜಿ ವಜಾ ಮಾಡಿದ್ದರು. ಬೆಲ್‌ಫಾಸ್ಟಿನಲ್ಲೂ ಅರ್ಜಿದಾರರು ಸೋತರು. ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಟಿ.ವಿ.ಯಲ್ಲಿ ಕೂತು ‘ನ್ಯಾಯಾಧೀಶರು ಪಕ್ಷಪಾತಿಗಳೆಂದು ಬಹಳ ಜನ ಹೇಳುತ್ತಿದ್ದಾರೆ’ ಎಂದರು. ‘ಜನ ಹೇಳುತ್ತಿದ್ದಾರೆ’ ಎಂಬುದು ಯಾವ ದೇಶದ ರಾಜಕಾರಣಿಗೂ ಹೊಂದುವ ಅಂಗಿ!

ಹೆಸರುಗಳನ್ನು ಹಿಡಿದು ನೋಡಿದರೆ ಆರೋಪ ನಿಲ್ಲುವುದಿಲ್ಲ. 2016ರಲ್ಲಿ, ಬ್ರೆಕ್ಸಿಟ್ ಪ್ರಕ್ರಿಯೆ ಶುರು ಮಾಡಲು ಸಂಸತ್ತಿನ ಒಪ್ಪಿಗೆ ಬೇಕು ಎಂದ ಮೂವರು ನ್ಯಾಯಾಧೀಶರ ಫೋಟೋ ಹಾಕಿ ಡೈಲಿ ಮೇಲ್ ಪತ್ರಿಕೆ ‘ಜನರ ಶತ್ರುಗಳು’ ಎಂದು ಮುಖಪುಟದಲ್ಲಿ ಬರೆದಿತ್ತು. ಆ ಮೂವರಲ್ಲಿ ಒಬ್ಬರಾದ ಟೆರೆನ್ಸ್ ಎಥರ್‌ಟನ್ 2019ರಲ್ಲಿ ಲಂಡನ್ ಪೀಠದಲ್ಲಿದ್ದು ಸರ್ಕಾರದ ಪರ ತೀರ್ಪು ಕೊಟ್ಟರು. ಇನ್ನೊಬ್ಬರು, ಫಿಲಿಪ್ ಸೇಲ್ಸ್, ಸುಪ್ರೀಂ ಕೋರ್ಟಿನ ಹನ್ನೊಂದರಲ್ಲಿ ಒಬ್ಬರು.

ತೀರ್ಪಿನ ದಿನ ಅಲ್ಲಿನ ಜನರ ಪ್ರತಿಕ್ರಿಯೆ ಹೇಗಿತ್ತು? ಬ್ರೆಕ್ಸಿಟ್ ಪರ ಇದ್ದವರೆಲ್ಲ ಕೋರ್ಟಿನ ಮೇಲೆ ಮುಗಿಬಿದ್ದರೇ? (ಹುಬ್ಬಳ್ಳಿ)

ಎಲ್ಲರೂ ಅಲ್ಲ. ಬ್ರೆಕ್ಸಿಟ್‌ನ ಕಟ್ಟಾ ಪ್ರತಿಪಾದಕ ನೈಜೆಲ್ ಫರಾಜ್ ಬೈದದ್ದು ಕೋರ್ಟನ್ನಲ್ಲ, ಪ್ರಧಾನಿಯ ಸಲಹೆಗಾರ ಡೊಮಿನಿಕ್ ಕಮಿಂಗ್ಸ್ ಅವರನ್ನು. ಈ ಪ್ರೊರೋಗ್ ಘೋರ ರಾಜಕೀಯ ತಪ್ಪು, ಕಮಿಂಗ್ಸ್ ಹೋಗಲಿ ಎಂದರು. ಜಾನ್ಸನ್ ವಿಶ್ವಸಂಸ್ಥೆಯ ಸಭೆಗೆಂದು ನ್ಯೂಯಾರ್ಕಿನಲ್ಲಿದ್ದರು: ತೀರ್ಪನ್ನು ಬಲವಾಗಿ ಒಪ್ಪುವುದಿಲ್ಲ, ಆದರೆ ಪಾಲಿಸುತ್ತೇವೆ. ಬ್ರೈಟನ್ನಿನಲ್ಲಿ ಲೇಬರ್ ಪಕ್ಷದ ಸಮ್ಮೇಳನ ನಡೆದಿತ್ತು. ಜೆರೆಮಿ ಕಾರ್ಬಿನ್ ಮರುದಿನದ ತಮ್ಮ ಭಾಷಣವನ್ನು ಅಂದೇ ಮುಗಿಸಿ ಲಂಡನ್ನಿಗೆ ಹೊರಟರು. ಯೂಗವ್ ಎಂಬ ಸಮೀಕ್ಷಾ ಸಂಸ್ಥೆ ಅಂದೇ ನಡೆಸಿದ ಸಮೀಕ್ಷೆಯಲ್ಲಿ ತೀರ್ಪು ಸರಿ ಎಂದವರು ಶೇ 49, ತಪ್ಪು ಎಂದವರು ಶೇ 30. ತೀರ್ಪು ಓದಿದ ಮುಖ್ಯಸ್ಥೆ ಲೇಡಿ ಹೇಲ್ ಅವರ ಕರಿ ಉಡುಪಿನ ಮೇಲಿದ್ದ ದೊಡ್ಡ ಜೇಡದ ಬ್ರೋಚ್ ಅಂದೇ ಟೀ ಶರ್ಟುಗಳ ಮೇಲೆ ಬಂತು. ಮಾರಾಟದ ಒಂದು ಪಾಲು ವಸತಿಹೀನರಿಗಾಗಿ ದುಡಿಯುವ ಸಂಸ್ಥೆಗೆ ಹೋಯಿತು.

ಸದನದ ಪ್ರತಿಕ್ರಿಯೆ ಇದಕ್ಕಿಂತ ಒರಟು. ಮರುದಿನ ಬೆಳಿಗ್ಗೆ 11.30ಕ್ಕೆ ಕಾಮನ್ಸ್ ಸೇರಿತು. ಸ್ಪೀಕರ್ ಜಾನ್ ಬರ್ಕೋ ಇದನ್ನು ಹೊಸದಾಗಿ ಕರೆದ ಸಭೆ ಎನ್ನಲಿಲ್ಲ, ನಡೆಯುತ್ತಿದ್ದ ಸಭೆಯ ಮುಂದುವರಿಕೆ ಎಂದೇ ನಡೆಸಿದರು. ಬಿದ್ದಿದ್ದ ಮಸೂದೆಗಳು ಆ ಕಾರಣಕ್ಕೇ ಮತ್ತೆ ಜೀವ ಪಡೆದವು. ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ‘ಇದು ಸತ್ತ ಸಂಸತ್ತು’ ಎಂದು ಗುಡುಗಿದರು. ಬ್ರೆಕ್ಸಿಟ್ ಗಡುವು ಮುಂದೂಡುವಂತೆ ಸಂಸತ್ತು ಸರ್ಕಾರವನ್ನು ಕಟ್ಟಿಹಾಕಿದ ಕಾಯ್ದೆಯನ್ನು ಜಾನ್ಸನ್ ‘ಶರಣಾಗತಿ ಕಾಯ್ದೆ’ ಎನ್ನುತ್ತ ಹೋದರು. 2016ರಲ್ಲಿ ಕೊಲೆಯಾದ ಸಂಸದೆ ಜೋ ಕಾಕ್ಸ್ ಅವರನ್ನು ನೆನಪಿಸಿ, ನಮಗೂ ಕೊಲೆ ಬೆದರಿಕೆ ಬರುತ್ತಿದೆ, ಇಂಥ ಮಾತು ಬಿಡಿ ಎಂದು ಲೇಬರ್ ಸಂಸದೆ ಪೌಲಾ ಶೆರಿಫ್ ಕೇಳಿಕೊಂಡಾಗ, ಜಾನ್ಸನ್ ಅದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕಿದರು. ಐದು ವಾರದ ಪ್ರೊರೋಗ್‌ಗಿಂತ ಆ ಒಂದು ಮಾತಿಗೆ ಅವರು ಹೆಚ್ಚು ನಾಚಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ನಾನು ಕೆಲಸದ ವೀಸಾದ ಮೇಲೆ ಇಲ್ಲಿದ್ದೇನೆ, ಭಾರತದ ಪಾಸ್‌ಪೋರ್ಟ್. ಇಂಥ ಅರ್ಜಿಗೆ ಸಹಿ ಹಾಕಬಹುದೇ? ಮತ ಹಾಕಬಹುದೇ? (ಸ್ಲವ್, ಇಂಗ್ಲೆಂಡ್)

ಎರಡೂ ಮಾಡಬಹುದು. ಸಂಸತ್ತಿನ ಅರ್ಜಿ ತಾಣದಲ್ಲಿ ಬ್ರಿಟಿಷ್ ಪ್ರಜೆಗಳ ಜೊತೆಗೆ ಬ್ರಿಟನ್ನಿನ ನಿವಾಸಿಗಳೂ ಸಹಿ ಹಾಕಬಹುದು. ಹೆಸರು, ಇಮೇಲ್, ಪೋಸ್ಟ್‌ಕೋಡ್ ಕೊಡಿ. ಆಮೇಲೆ ಬರುವ ಇಮೇಲಿನ ಕೊಂಡಿ ಒತ್ತಲೇಬೇಕು. ಬಹಳ ಜನ ಇಲ್ಲೇ ತಪ್ಪುತ್ತಾರೆ, ಒತ್ತದಿದ್ದರೆ ಸಹಿ ಲೆಕ್ಕಕ್ಕಿಲ್ಲ. 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ, 1 ಲಕ್ಷಕ್ಕೆ ಚರ್ಚೆಗೆ ಪರಿಗಣಿಸುತ್ತಾರೆ. ಚರ್ಚೆಯಷ್ಟೇ, ಸರ್ಕಾರ ಬಗ್ಗಬೇಕೆಂದಿಲ್ಲ.

ಮತದ ವಿಷಯ: ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಅಲ್ಲಿ ವಾಸಿಸಲು ಸಿಂಧುವಾದ ಅನುಮತಿಯಿದ್ದು 18 ತುಂಬಿದ ಭಾರತೀಯರು ಸಂಸತ್ ಚುನಾವಣೆಯಲ್ಲೇ ಮತ ಹಾಕಬಹುದು. 2016ರ ಬ್ರೆಕ್ಸಿಟ್ ಜನಮತದಲ್ಲೂ ಹಾಕಬಹುದಿತ್ತು. ಅಲ್ಲೇ ಇದ್ದ ಫ್ರೆಂಚರಿಗೂ ಜರ್ಮನ್ನರಿಗೂ ಆ ಹಕ್ಕಿರಲಿಲ್ಲ. ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ. ಸರ್ಕಾರದ ತಾಣದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು ನೋಂದಾಯಿಸಿ, ಮತದಾನಕ್ಕೆ 12 ಕೆಲಸದ ದಿನ ಮುಂಚೆ ಬಾಗಿಲು ಮುಚ್ಚುತ್ತದೆ. ಮತಗಟ್ಟೆಗೆ ಫೋಟೋ ಇರುವ ಗುರುತು ಬೇಕು; ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ನಮ್ಮಲ್ಲಿ ಸರ್ಕಾರ ಹೀಗೆ ಮಾಡಿದರೆ? (ಗೋಕಾಕ)

ನಮ್ಮಲ್ಲಿ ಸಂವಿಧಾನ ಬರಹದಲ್ಲಿದೆ. ಸಂಸತ್ತಿಗೆ 85ನೇ ವಿಧಿ, ವಿಧಾನಸಭೆಗೆ 174: ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ನಡುವೆ ಆರು ತಿಂಗಳು ಕಳೆಯುವಂತಿಲ್ಲ. ಪ್ರೊರೋಗ್‌ನಿಂದ ಮಸೂದೆಗಳು ಬೀಳುವುದಿಲ್ಲ. ಹಾಗಾಗಿ ಐದು ವಾರದ ಬಿಡುವು ಇಲ್ಲಿ ಸುದ್ದಿಯೇ ಅಲ್ಲ. ಇಲ್ಲಿನ ಅಪಾಯ ಬೇರೆ: ಸದನ ನಡೆಯದಿದ್ದಾಗ ಸುಗ್ರೀವಾಜ್ಞೆ ಹೊರಡಿಸಬಹುದು.

ನಿಮ್ಮ ತಾಲ್ಲೂಕಿಗೇ ನಂಟಿರುವ ಪ್ರಕರಣವೊಂದಿದೆ. ಗೋಕಾಕ ಸೀಮೆಯವರಾದ, ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಿ.ಸಿ. ಪಾವಟೆ 1968ರಲ್ಲಿ ಪಂಜಾಬಿನ ರಾಜ್ಯಪಾಲರು. ಬಜೆಟ್ ಪಾಸಾಗಬೇಕಾದ ಮಾರ್ಚಿನಲ್ಲಿ ಸ್ಪೀಕರ್ ಸದನವನ್ನು ಎರಡು ತಿಂಗಳು ಮುಂದೂಡಿಬಿಟ್ಟರು. ಪಾವಟೆಯವರು ಸದನವನ್ನು ಪ್ರೊರೋಗ್ ಮಾಡಿ, ಹಣಕಾಸು ಕಲಾಪಕ್ಕೆ ಸುಗ್ರೀವಾಜ್ಞೆ ತಂದು, ಕೆಲವೇ ದಿನದಲ್ಲಿ ಮತ್ತೆ ಕರೆದರು. ಸತ್ಯಪಾಲ್ ಡಾಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಲಂಡನ್ನಿನಲ್ಲಿ ಸದನ ಮುಚ್ಚಲು ಬಳಸಿದ ಅಸ್ತ್ರವನ್ನು ಚಂಡೀಗಢದಲ್ಲಿ ಸದನ ತೆರೆಯಲು ಬಳಸಿದ್ದರು.

ಕಾರಣ ತೋರಿಸಿ ಎಂದು ಕೋರ್ಟು ಕೇಳಬಹುದೇ ಎಂಬುದಕ್ಕೆ ನಮ್ಮ ಉತ್ತರ ಲಂಡನ್ನಿನ ತೀರ್ಪಿಗಿಂತ ಹಳೆಯದು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಮಂತ್ರಿಮಂಡಲ ಏನು ಸಲಹೆ ಕೊಟ್ಟಿತೆಂದು ಕೋರ್ಟು ಕೇಳುವಂತಿಲ್ಲವಾದರೂ ಅದರ ಹಿಂದಿನ ದಾಖಲೆಗಳನ್ನು ಪರಿಶೀಲಿಸಬಹುದು ಎಂದಿತು.

ಕೊನೆಗೆ ಜಾನ್ಸನ್ನರೇ ಗೆದ್ದರಲ್ಲ. ತೀರ್ಪಿನಿಂದ ಬಂದದ್ದೇನು? (ಮಂಗಳೂರು)

ಗೆದ್ದರು: ಡಿಸೆಂಬರ್ 12ರ ಚುನಾವಣೆಯಲ್ಲಿ 365 ಸ್ಥಾನ, 2020ರ ಜನವರಿ 31ಕ್ಕೆ ಬ್ರೆಕ್ಸಿಟ್. ತೀರ್ಪು ತಡೆಯಲು ಹೊರಟದ್ದು ಅದನ್ನಲ್ಲ ಎಂದು ಮೊದಲ ಪ್ಯಾರಾದಲ್ಲೇ ಇತ್ತು. ಅಕ್ಟೋಬರ್ 8ರಂದು ಅದೇ ಸರ್ಕಾರ ಮತ್ತೆ ಪ್ರೊರೋಗ್ ಮಾಡಿಸಿತು. ಈ ಬಾರಿ 14ರಂದು ರಾಣಿಯ ಭಾಷಣವಾಗುವವರೆಗೆ, ಒಂದು ವಾರದೊಳಗೆ. ಯಾರೂ ಕೋರ್ಟಿಗೆ ಓಡಲಿಲ್ಲ. 2022ರಲ್ಲಿ ತಂದ ಕಾಯ್ದೆಯ 3ನೇ ಸೆಕ್ಷನ್ ಸಂಸತ್ತಿನ ವಿಸರ್ಜನೆಯನ್ನು ಕೋರ್ಟು ಪ್ರಶ್ನಿಸದಂತೆ ಬೇಲಿ ಹಾಕಿದೆ. ಪ್ರೊರೋಗ್ ಆ ಬೇಲಿಯೊಳಗಿಲ್ಲ.