ಕಂಪ್ಲಯನ್ಸ್ ಎಂದರೆ ವಿಧೇಯತೆಯೇ?

ಉದ್ಯೋಗದ ಜಾಹೀರಾತೊಂದರಲ್ಲಿ ‘ಕಂಪ್ಲಯನ್ಸ್ ಆಫೀಸರ್’ ಎಂಬ ಹುದ್ದೆಯ ಹೆಸರು ನೋಡಿ ನಿಘಂಟು ತೆರೆದಾಗ ‘ವಿಧೇಯತೆ, ಸಮ್ಮತಿ, ಅನುಸರಣೆ’ ಎಂಬ ಮೂರು ಅರ್ಥಗಳು ಸಿಕ್ಕವೆಂದೂ, ಇವುಗಳಲ್ಲಿ ಯಾವುದು ಸರಿ, ಪದವನ್ನು ಬಳಸುವುದು ಹೇಗೆ ಎಂದೂ ನೀವು ಕೇಳಿದ್ದೀರಿ. ಮಂಗಳೂರಿನ ಸಹಕಾರಿ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿ ಹಲವು ವರ್ಷ ಈ ಪದದೊಡನೆ ಏಗಿದವನಾದ್ದರಿಂದ ಉತ್ತರಿಸುತ್ತಿದ್ದೇನೆ.

‘ವಿಧೇಯತೆ’ಯನ್ನು ಮೊದಲು ಬದಿಗಿಡಿ. ವಿಧೇಯತೆ ಮನುಷ್ಯನ ಸ್ವಭಾವಕ್ಕೆ ಸೇರಿದ್ದು. ಮಗನೋ ಶಿಷ್ಯನೋ ವಿಧೇಯನಾಗಿರಬಹುದು. ಕಂಪ್ಲಯನ್ಸ್‌ಗೆ ಮನಸ್ಸಿನ ಗೊಡವೆಯಿಲ್ಲ. ನಿಯಮ ಏನನ್ನು ಕೇಳಿತ್ತೋ ಅದು ನಡೆದಿದೆಯೇ, ನಡೆದಿರುವುದನ್ನು ತೋರಿಸಲು ಸಾಧ್ಯವೇ ಎಂಬುದಷ್ಟೇ ಅದರ ವಿಚಾರ. ಪ್ರತಿ ತಿಂಗಳು ಜಿಎಸ್‌ಟಿ ವಿವರಪಟ್ಟಿಯನ್ನು ಗೊಣಗುತ್ತಲೇ ಸಲ್ಲಿಸುವ ಅಂಗಡಿಯವರನ್ನು ಯಾರೂ ವಿಧೇಯರೆಂದು ಕರೆಯುವುದಿಲ್ಲ, ಆದರೆ ವಿವರಪಟ್ಟಿ ಸರಿಯಾಗಿ ಗಡುವಿನೊಳಗೆ ಹೋಗಿದ್ದರೆ ಅಷ್ಟರ ಮಟ್ಟಿಗೆ ಅವರದು ಪೂರ್ಣ ಕಂಪ್ಲಯನ್ಸ್.

ಇದು ನನಗೆ ಅರ್ಥವಾದದ್ದು ಒಂದು ಕೆಂಪು ಗೆರೆಯಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ಸಂಘದ ಚಿನ್ನಾಭರಣ ಸಾಲದ ಕೆಲವು ಅರ್ಜಿಗಳಲ್ಲಿ ಚಿನ್ನ ಪರೀಕ್ಷಿಸಿದ ಅಪ್ರೈಸರ್ ಅವರ ಸಹಿ ಇಲ್ಲವೆಂದು ಲೆಕ್ಕ ಪರಿಶೋಧಕರು ಆಕ್ಷೇಪಣೆ ಬರೆದಿದ್ದರು. ‘ಕಂಪ್ಲಯನ್ಸ್ ಕೊಟ್ಟು ಆಯ್ತಾ?’ ಎಂದು ಮ್ಯಾನೇಜರರು ಕೇಳಿದಾಗ, ನಾನು ಆಕ್ಷೇಪಣೆಯ ಎದುರಿನ ಕಾಲಮಿನಲ್ಲಿ ‘ಗಮನಿಸಲಾಗಿದೆ, ಮುಂದಕ್ಕೆ ಎಚ್ಚರ ವಹಿಸಲಾಗುವುದು’ ಎಂದು ಅಂದವಾಗಿ ಬರೆದುಕೊಟ್ಟೆ. ಹಾಳೆ ವಾರದೊಳಗೆ ಮರಳಿ ಬಂತು. ನನ್ನ ವಾಕ್ಯದ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ‘ಇದು ಉತ್ತರ, ಅನುಪಾಲನೆಯಲ್ಲ’ ಎಂಬ ಟಿಪ್ಪಣಿ. ಅನುಪಾಲನೆಯೆಂದರೆ ಕಂಪ್ಲಯನ್ಸ್‌ಗೆ ಕಚೇರಿಗಳ ಕನ್ನಡ. ಅಪ್ರೈಸರನ್ನು ಕರೆಸಿ, ಪೊಟ್ಟಣಗಳನ್ನು ತೆರೆದು ಪುನಃ ತೂಗಿಸಿ, ಸಹಿ ಹಾಕಿಸಿ, ಅದರ ದಿನಾಂಕವನ್ನು ಬರೆದ ಮೇಲಷ್ಟೇ ಆ ಆಕ್ಷೇಪಣೆಯನ್ನು ಅವರು ಕೈಬಿಟ್ಟರು. ಸರಕಾರಿ ಕಚೇರಿಗಳಲ್ಲಿಯೂ ಪಂಚಾಯತ್ ಸಭೆಗಳಲ್ಲಿಯೂ ನೀವು ಕೇಳಿರಬಹುದಾದ ‘ಹಿಂದಿನ ಸಭೆಯ ಅನುಪಾಲನಾ ವರದಿ’ ಎಂಬುದು ಇದೇ ಜಾತಿಯದು: ತೀರ್ಮಾನವಾದದ್ದರಲ್ಲಿ ಎಷ್ಟು ಕಾರ್ಯರೂಪಕ್ಕೆ ಬಂತು ಎಂಬ ಲೆಕ್ಕ.

ಪದದ ಮೂಲವೂ ಇದನ್ನೇ ಹೇಳುತ್ತದೆ. ಲ್ಯಾಟಿನ್ನಿನ ‘ಕಾಂಪ್ಲೇರೆ’ ಎಂಬ ಧಾತುವಿಗೆ ‘ತುಂಬು’ ಎಂದರ್ಥ; ‘ಕಂಪ್ಲೀಟ್’ ಕೂಡ ಅದರ ಸಂತಾನವೇ. ನಮ್ಮ ‘ಪೂರೈಸು’ ಕ್ರಿಯಾಪದದ ಬೆನ್ನಿಗಿರುವ ಸಂಸ್ಕೃತದ ‘ಪೂರ’ಕ್ಕೂ ತುಂಬುವುದೆಂಬ ಅರ್ಥವೇ ಇರುವುದರಿಂದ, ‘ಷರತ್ತುಗಳನ್ನು ಪೂರೈಸಿದರು’ ಎಂದಾಗ ನಾವು ತಿಳಿಯದೆಯೇ ಇಂಗ್ಲಿಷಿನ ರೂಪಕವನ್ನು ಅಚ್ಚುಕಟ್ಟಾಗಿ ಕನ್ನಡದಲ್ಲಿ ನುಡಿದಿರುತ್ತೇವೆ. ಷರತ್ತುಗಳ ವಿಷಯ ಬಂದಾಗಲೆಲ್ಲ ನಾನು ‘ಪೂರೈಸು’ ಪದವನ್ನೇ ಆರಿಸುತ್ತೇನೆ. ಕಾನೂನು, ಆದೇಶ, ನಿಷೇಧಗಳ ವಿಷಯದಲ್ಲಿ ‘ಪಾಲನೆ’. ‘ಅನುಸರಣೆ’ ತಪ್ಪಲ್ಲವಾದರೂ, ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುವುದಕ್ಕೂ ಅದೇ ಪದವಿರುವುದರಿಂದ ಬಿಗಿ ಸಾಲದು. ‘ಸಮ್ಮತಿ’ಯಂತೂ ಇಲ್ಲಿಗೆ ಹೊಂದುವುದೇ ಇಲ್ಲ. ನಮ್ಮ ತುಳುನಾಡಿನಲ್ಲಿ ಎಲ್ಲರ ಬಾಯಲ್ಲೂ ಇರುವ ‘ಕಟ್ಟುಕಟ್ಟಳೆ’ಯನ್ನು ಕೆಲವರು ಇದಕ್ಕೆ ಸೂಚಿಸುವುದುಂಟು, ಆದರೆ ಕಟ್ಟುಕಟ್ಟಳೆಯೆಂದರೆ ನಿಯಮವೇ ಹೊರತು ಅದರ ಪಾಲನೆಯಲ್ಲ.

ಕಂಪ್ಲಯನ್ಸ್ ಆಗಬೇಕಾದರೆ ನಿಯಮವು ನಮಗೆ ಅನ್ವಯಿಸಬೇಕು ಎಂಬುದನ್ನು ಮಲ್ಪೆ ಬಂದರಿನ ಉದಾಹರಣೆಯಿಂದ ವಿವರಿಸುತ್ತೇನೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಅವಧಿಯಲ್ಲಿ ಲಂಗರು ಹಾಕಿ ನಿಂತ ಟ್ರಾಲ್‌ಬೋಟುಗಳದು ನಿಷೇಧದ ಪಾಲನೆ. 10 ಅಶ್ವಶಕ್ತಿಯನ್ನು ಮೀರದ ಎಂಜಿನ್ನಿನ ನಾಡದೋಣಿ ಅದೇ ಜುಲೈಯಲ್ಲಿ ಕಡಲಿಗಿಳಿದರೆ ಉಲ್ಲಂಘನೆಯಾಗದು, ಏಕೆಂದರೆ ನಿಷೇಧ ಅದಕ್ಕೆ ಅನ್ವಯಿಸುವುದಿಲ್ಲ. ಇನ್ನು ಆಗಸ್ಟಿನಲ್ಲಿ ಕಡಲು ಪ್ರಕ್ಷುಬ್ಧವಾಗಿದೆಯೆಂದು ದಡದಲ್ಲೇ ಉಳಿದವರದು ವಿವೇಕ. ಅದನ್ನು ಕಂಪ್ಲಯನ್ಸ್ ಎನ್ನಲಾಗದು.

ಬಳಕೆಯ ಬಗ್ಗೆ ಎರಡು ಮಾತು. ಇಂಗ್ಲಿಷಿನಲ್ಲಿ ಈ ನಾಮಪದದ ಮುಂದೆ ‘ವಿತ್’ ಬರಬೇಕು. ನಮ್ಮ ಚತುರ್ಥಿಯ ಅಭ್ಯಾಸದಿಂದ ‘ಕಂಪ್ಲಯನ್ಸ್ ಟು’ ಎಂದು ಬರೆಯುವುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ‘ಇನ್ ಕಂಪ್ಲಯನ್ಸ್ ವಿತ್’ ಎಂಬುದಕ್ಕೆ ಕನ್ನಡದಲ್ಲಿ ‘ಆದೇಶದ ಅನುಸಾರವಾಗಿ’ ಅಥವಾ ಬರಿದೆ ‘ಆದೇಶದಂತೆ’ ಸಾಕು, ‘ಆದೇಶದ ಅನುಪಾಲನೆಯೊಂದಿಗೆ’ ಎಂದು ಕಸರತ್ತು ಮಾಡಬೇಕಿಲ್ಲ. ಗುಣವಾಚಕವಾದ ‘ಕಂಪ್ಲಯಂಟ್’ ಬರೆಯುವಾಗ ಮಾತ್ರ ಕಣ್ಣು ತೆರೆದಿರಲಿ, ಏಕೆಂದರೆ ಇಂಗ್ಲಿಷ್ ಕಾಗುಣಿತದಲ್ಲಿ ಎರಡು ಸ್ವರಗಳು ಅದಲುಬದಲಾದರೆ ಅದು ‘ಕಂಪ್ಲೇಂಟ್’ ಆಗುತ್ತದೆ. ‘ನಮ್ಮ ಸಂಘವು ಸಂಪೂರ್ಣ ದೂರು’ ಎಂಬ ಅರ್ಥದ ಪತ್ರವೊಂದು ನಮ್ಮಲ್ಲಿಂದಲೇ ಹೊರಟಿತ್ತು. ಟೈಪು ಮಾಡಿದವರು ಯಾರೆಂದು ನಾನು ಹೇಳುವುದಿಲ್ಲ, ಸಹಿ ನನ್ನದೇ ಇತ್ತು.

ವೈದ್ಯರ ಬಾಯಲ್ಲಿ ಈ ಪದಕ್ಕೆ ಬೇರೆ ಬಣ್ಣವಿದೆ. ಬರೆದುಕೊಟ್ಟ ಮಾತ್ರೆಗಳನ್ನು ರೋಗಿ ಹೇಳಿದಂತೆ ಸೇವಿಸುವುದಕ್ಕೂ ಕಂಪ್ಲಯನ್ಸ್ ಎನ್ನುತ್ತಿದ್ದರು. ಅದರಲ್ಲಿ ಅಪ್ಪಣೆಯ ವಾಸನೆ ಇದೆಯೆಂದು ಈಗ ಹೆಚ್ಚಾಗಿ ‘ಅಡ್ಹೀರೆನ್ಸ್’ (ಅಂಟಿಕೊಂಡು ನಡೆಯುವುದು) ಎನ್ನುತ್ತಾರೆ. ನಿಘಂಟಿನ ‘ವಿಧೇಯತೆ’ಗೆ ಒಂದಿಷ್ಟು ಆಧಾರ ಸಿಗುವುದಿದ್ದರೆ ಇಂತಹ ಕಡೆಯಲ್ಲಿ.

ಇನ್ನು ನೀವು ನೋಡಿದ ಹುದ್ದೆ. ಕನ್ನಡ ಪತ್ರದಲ್ಲಿ ಅದನ್ನು ‘ಅನುಪಾಲನಾ ಅಧಿಕಾರಿ’ ಎಂದು ಧೈರ್ಯವಾಗಿ ಬರೆಯಿರಿ. ಬ್ಯಾಂಕುಗಳಲ್ಲಿ ಈ ವಿಭಾಗದ ಮುಖ್ಯಸ್ಥರು ಚೀಫ್ ಕಂಪ್ಲಯನ್ಸ್ ಆಫೀಸರ್. ಅವರನ್ನು ಕನಿಷ್ಠ 3 ವರ್ಷಗಳ ನಿಗದಿತ ಅವಧಿಗೆ ನೇಮಿಸಬೇಕೆಂದೂ, ವ್ಯವಹಾರ ಬೆಳೆಸುವ ಹೊಣೆಯನ್ನು ಅವರಿಗೆ ವಹಿಸಬಾರದೆಂದೂ ರಿಸರ್ವ್ ಬ್ಯಾಂಕು 2020ರ ಸುತ್ತೋಲೆಯಲ್ಲಿ ಹೇಳಿದೆ. ಠೇವಣಿ ತರುವ, ಸಾಲ ಹಂಚುವ ಗುರಿಯನ್ನು ಹೊತ್ತವರೇ ನಿಯಮ ಪಾಲನೆಯಾಗಿದೆಯೇ ಎಂದು ನೋಡಲು ಕುಳಿತರೆ ಕೆಂಪು ಗೆರೆ ಎಳೆಯುವವರು ಯಾರೂ ಇರುವುದಿಲ್ಲ.