‘ಜೀವಕೋಶವೆಂಬ ಕಾರ್ಖಾನೆ’ ಬರೆದವರಿಗೆ

ಮಾನ್ಯರೇ,

ಜೀವಕೋಶವನ್ನು ಕಾರ್ಖಾನೆಗೆ ಹೋಲಿಸಿದ ನಿಮ್ಮ ಲೇಖನ ತಲುಪಿತು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಸಲೀಸಾಗಿದೆ, ಎಲ್ಲೂ ತೊಡರಿಲ್ಲ. ಆದರೆ ಓದಿ ಮುಗಿಸಿದವರಿಗೆ ಕಣದಂಗಗಳ (ಕೋಶದೊಳಗಿನ ಪುಟ್ಟ ಅಂಗಗಳ) ಹೆಸರು ಮತ್ತು ಪ್ರತಿಯೊಂದಕ್ಕೂ ಒಂದು ಬಿರುದು ಸಿಗುತ್ತದೆಯೇ ಹೊರತು, ಕೋಶದೊಳಗೆ ಏನು ನಡೆಯುತ್ತದೆ ಎಂಬುದು ಸಿಗುವುದಿಲ್ಲ.

ಮೊದಲು ತಪ್ಪುಗಳು. ಈರುಳ್ಳಿ ಸಿಪ್ಪೆಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿಟ್ಟರೆ ‘ಮೈಟೋಕಾಂಡ್ರಿಯಾ, ರೈಬೋಸೋಮ್, ಹಸಿರು ಕ್ಲೋರೋಪ್ಲಾಸ್ಟ್ ಸ್ಪಷ್ಟವಾಗಿ ಕಾಣುತ್ತವೆ’ ಎಂದಿದ್ದೀರಿ. ಕಾಣುವುದಿಲ್ಲ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿದ್ದರೂ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸಲಾರದು. ಪ್ರೋಟೀನ್ ಕಟ್ಟುವ ರೈಬೋಸೋಮಿನ ಅಡ್ಡಳತೆ 25 ನ್ಯಾನೋಮೀಟರ್ ಆಸುಪಾಸು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಅದಕ್ಕಿಂತ ದೊಡ್ಡದು ನಿಜ, ಆದರೂ ಜೇನಸ್ ಗ್ರೀನ್‌ನಂಥ ಬಣ್ಣ ಹಾಕದೆ ಶಾಲೆಯ ಉಪಕರಣದಲ್ಲಿ ಗುರುತು ಹತ್ತುವುದು ಕಷ್ಟ. ಇನ್ನು ಗೆಡ್ಡೆಯ ಒಳಪದರದಲ್ಲಿ ಹಸಿರು ಎಲ್ಲಿಂದ ಬರಬೇಕು? ಕ್ಲೋರೋಪ್ಲಾಸ್ಟ್ ತೋರಿಸಬೇಕಿದ್ದರೆ ಹೈಡ್ರಿಲ್ಲಾ ಎಲೆ ತೆಗೆದುಕೊಳ್ಳಿ.

ಈ ಪ್ರಯೋಗವನ್ನು ಲೇಖನದಿಂದ ತೆಗೆಯಬೇಡಿ, ಮಾಡಿ ನೋಡಿ ಬರೆಯಿರಿ. ಕೆಂಪು ಈರುಳ್ಳಿಯ ದಪ್ಪ ಪದರವೊಂದನ್ನು ಬಿಡಿಸಿ, ನೇರಳೆ ಬಣ್ಣವಿರುವ ಹೊರಮೈಯಿಂದ ತೆಳು ಸಿಪ್ಪೆಯನ್ನು ಚಿಮಟದಲ್ಲಿ ಎಳೆದು, 5 ಮಿಲಿಮೀಟರ್ ಚೌಕ ಕತ್ತರಿಸಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು, ಅದರಲ್ಲಿ ಮಡಚಿಕೊಳ್ಳದಂತೆ ಸಿಪ್ಪೆ. ಕವರ್ ಸ್ಲಿಪ್ಪನ್ನು ಒಂದು ಅಂಚು ಊರಿ ಓರೆಯಾಗಿ ಇಳಿಸಬೇಕು, ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಅಂಚಿನ ಆ ದುಂಡನೆಯ ಗುಳ್ಳೆಯನ್ನೇ ಮಕ್ಕಳು ಕೋಶಕೇಂದ್ರ ಎಂದು ಬರೆದುಕೊಳ್ಳುವುದುಂಟು. ಈಗ ಒಂದು ಅಂಚಿಗೆ 10% ಉಪ್ಪುನೀರಿನ ಹನಿ ಹಾಕಿ, ಎದುರಿನ ಅಂಚಿನಿಂದ ಟಿಶ್ಯೂ ಕಾಗದದಲ್ಲಿ ಹೀರಿ. ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣ ಕೋಶಭಿತ್ತಿಯನ್ನು ಬಿಟ್ಟು ಒಳಕ್ಕೆ ಮುದುಡುತ್ತದೆ. ಬಣ್ಣವಿರುವುದು ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ದೊಡ್ಡ ಚೀಲದಲ್ಲಿ. ನೀರು ಹೊರಟುಹೋಗಿ ರಸದಾನಿ ಕುಗ್ಗಿದಾಗ ಕೋಶಪೊರೆಯೂ ಜೊತೆಗೇ ಭಿತ್ತಿಯಿಂದ ಕಳಚಿಕೊಳ್ಳುತ್ತದೆ. ಭಿತ್ತಿ ಬೇರೆ, ಪೊರೆ ಬೇರೆ ಎಂದು ನೀವು ಅರ್ಧ ಪುಟ ವಿವರಿಸಿದ್ದು ಇಲ್ಲಿ ಕಣ್ಣಿಗೇ ಬೀಳುತ್ತದೆ. ಸಾದಾ ನೀರು ಕೊಟ್ಟರೆ ಬಣ್ಣ ಮತ್ತೆ ತುಂಬಿಕೊಳ್ಳುತ್ತದೆ, ಕೋಶ ಬದುಕಿದ್ದರೆ ಮಾತ್ರ. ಅಯೋಡಿನ್ ಹಾಕಿದ ಕೋಶ ಸತ್ತಿರುತ್ತದೆ, ಆದ್ದರಿಂದ ಈ ಪ್ರಯೋಗಕ್ಕೆ ಅದು ಬೇಡ.

ಉಳಿದ ತಪ್ಪುಗಳನ್ನು ಚುಟುಕಾಗಿ ಹೇಳುತ್ತೇವೆ. ‘ಸಸ್ಯಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೋಕಾಂಡ್ರಿಯಾ’ ಎಂಬ ಸಾಲು ಹೊಡೆದುಹಾಕಿ. ಸಸ್ಯಕ್ಕೂ ಮೈಟೋಕಾಂಡ್ರಿಯಾ ಬೇಕು, ಬೆಳಕೇ ಕಾಣದ ಬೇರು ಬದುಕುವುದು ಅದರಿಂದಲೇ. ‘ಎಲ್ಲ ಜೀವಕೋಶಗಳಲ್ಲೂ ಕೋಶಕೇಂದ್ರವಿದೆ’ ಎಂದಿದ್ದೀರಿ. ಬ್ಯಾಕ್ಟೀರಿಯಾದಲ್ಲಿಲ್ಲ, ನಮ್ಮ ಬಲಿತ ಕೆಂಪು ರಕ್ತಕಣದಲ್ಲೂ ಇಲ್ಲ. ಒಂದು ಗ್ಲೂಕೋಸ್ ಅಣುವಿಗೆ 38 ಎಟಿಪಿ (ಕೋಶ ಶಕ್ತಿಗಾಗಿ ಬಳಸುವ ಅಣು) ಎನ್ನುವುದು ಹಳೆಯ ಲೆಕ್ಕ. ಈಗಿನ ಅಂದಾಜು 30ರಿಂದ 32, ಅದರಲ್ಲೂ 2 ಮೈಟೋಕಾಂಡ್ರಿಯಾದ ಹೊರಗೆ, ಕೋಶದ್ರವ್ಯದಲ್ಲೇ ಹುಟ್ಟುತ್ತವೆ. ಕೋಶದ ಕಸ ಕರಗಿಸುವ ಚೀಲವಾದ ಲೈಸೋಸೋಮ್ ಒಂದು ಒಡೆದರೆ ಕೋಶ ಸತ್ತೇಹೋಗುತ್ತದೆ ಎಂಬುದೂ ಉತ್ಪ್ರೇಕ್ಷೆ. ಅದರೊಳಗಿನ ಕಿಣ್ವಗಳಿಗೆ ಪಿಎಚ್ 5ರ ಆಸುಪಾಸಿನ ಹುಳಿ ಬೇಕು. ಹೊರಗಿನ ಕೋಶದ್ರವ್ಯದ ಪಿಎಚ್ ಸುಮಾರು 7.2, ಅಲ್ಲಿ ಅವುಗಳ ಆಟ ಅಷ್ಟಾಗಿ ನಡೆಯದು. ಬಹಳಷ್ಟು ಒಟ್ಟಿಗೆ ಒಡೆದರೆ ಮಾತು ಬೇರೆ.

ಇನ್ನು ಕಾರ್ಖಾನೆ. ಕೋಶಕೇಂದ್ರ ಮ್ಯಾನೇಜರ್, ಮೈಟೋಕಾಂಡ್ರಿಯಾ ಕೆಇಬಿ (ಆ ಹೆಸರು ಹೋಗಿ ಕಾಲವಾದರೂ ಯಾರೂ ಬಿಟ್ಟಿಲ್ಲ, ಇರಲಿ), ಲೈಸೋಸೋಮ್ ಕಸ ಗುಡಿಸುವವ. ಇದರ ತೊಂದರೆ ಏನೆಂದರೆ ಪ್ರತಿಯೊಬ್ಬರೂ ತಮ್ಮ ಕುರ್ಚಿಯಲ್ಲಿ ಕೂತಿರುತ್ತಾರೆ, ಯಾರ ಕೆಲಸವೂ ಇನ್ನೊಬ್ಬರಿಗೆ ತಾಗುವುದಿಲ್ಲ. ಹೋಲಿಕೆ ಬಿಟ್ಟು ಒಂದೇ ಒಂದು ಪ್ರೋಟೀನಿನ ಬೆನ್ನು ಹತ್ತಿ. ಇನ್ಸುಲಿನ್ ತೆಗೆದುಕೊಳ್ಳಿ, ಸಕ್ಕರೆ ಕಾಯಿಲೆ ಗೊತ್ತಿಲ್ಲದ ಓದುಗರಿಲ್ಲ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶದಲ್ಲಿ, 11ನೇ ವರ್ಣತಂತುವಿನ ಮೇಲಿರುವ ಇನ್ಸುಲಿನ್ ಜೀನಿನ ನಕಲು ಆರ್‌ಎನ್‌ಎ ರೂಪದಲ್ಲಿ ಕೋಶಕೇಂದ್ರದ ರಂಧ್ರದಿಂದ ಹೊರಬರುತ್ತದೆ. ಕೋಶದ್ರವ್ಯದಲ್ಲಿನ ರೈಬೋಸೋಮ್ ಅದನ್ನು ಓದತೊಡಗುತ್ತದೆ. ಪೂರ್ತಿ ಸರಪಳಿ 110 ಅಮೈನೋ ಆಮ್ಲಗಳದ್ದು. ಮೊದಲ 24 ಬರೀ ವಿಳಾಸ. ಆ ವಿಳಾಸ ಹೊರಬಿದ್ದ ಕೂಡಲೇ ರೈಬೋಸೋಮ್ ಸಮೇತ ಎಲ್ಲವೂ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿಗೆ ಹೋಗಿ ಅಂಟಿಕೊಳ್ಳುತ್ತದೆ. ಪುಸ್ತಕಗಳಲ್ಲಿ ಅದರ ಮೈ ‘ಒರಟು’ ಎನ್ನಿಸಿಕೊಂಡಿರುವುದು ಹೀಗೆ ಅಂಟಿದ ರೈಬೋಸೋಮ್‌ಗಳಿಂದ. ಒಳಗೆ ವಿಳಾಸ ಕತ್ತರಿಸಿ ಹೋಗುತ್ತದೆ, ಉಳಿದ 86 ಸರಿಯಾಗಿ ಮಡಚಿಕೊಂಡು ಮೂರು ಗಂಧಕದ ಬಂಧಗಳು ಬೀಳುತ್ತವೆ. ಒಂದು ಅಮೈನೋ ಆಮ್ಲ ಬದಲಾಗಿ ಈ ಬಂಧ ತಪ್ಪಿದರೆ ಪ್ರೋಟೀನ್ ಅಲ್ಲೇ ಗುಡ್ಡೆ ಬಿದ್ದು ಬೀಟಾ ಕೋಶವೇ ಸಾಯುತ್ತದೆ. ಹಸುಗೂಸುಗಳಲ್ಲಿ ಕಾಣುವ ಒಂದು ಬಗೆಯ ಮಧುಮೇಹಕ್ಕೆ ಇದೇ ಕಾರಣ. ಅಲ್ಲಿಂದ ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಗಿ, ಗಾಲ್ಗಿಯಿಂದ ಪುಟ್ಟ ಪೊರೆಚೀಲ. ಚೀಲದಲ್ಲಿ ನಡುವಿನ ತುಂಡು ಕಳಚಿ 51 ಅಮೈನೋ ಆಮ್ಲಗಳ ಇನ್ಸುಲಿನ್ ಉಳಿಯುತ್ತದೆ. ಕಳಚಿದ ತುಂಡೇ ಲ್ಯಾಬ್ ವರದಿಯಲ್ಲಿ ಕಾಣುವ ಸಿ-ಪೆಪ್ಟೈಡ್. ಚುಚ್ಚಿಕೊಳ್ಳುವ ಇನ್ಸುಲಿನ್ನಿನಲ್ಲಿ ಅದಿರುವುದಿಲ್ಲ, ಆದ್ದರಿಂದ ದೇಹ ತಾನಾಗಿ ಎಷ್ಟು ತಯಾರಿಸುತ್ತಿದೆ ಎಂದು ಅದರಿಂದ ತಿಳಿಯುತ್ತದೆ.

ಚೀಲ ಯಾವಾಗ ಬಾಯಿ ತೆರೆಯಬೇಕು? ಇಲ್ಲಿ ನಿಮ್ಮ ಕೆಇಬಿ ಪೂರ್ತಿ ಕೈಕೊಡುತ್ತದೆ. ಊಟವಾದ ಮೇಲೆ ಗ್ಲೂಕೋಸ್ ಒಳಬಂದಂತೆ ಮೈಟೋಕಾಂಡ್ರಿಯಾದಲ್ಲಿ ಎಟಿಪಿ ಹೆಚ್ಚುತ್ತದೆ. ಆ ಎಟಿಪಿ ಕೋಶಪೊರೆಯ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿಸುತ್ತದೆ. ಪೊರೆಯ ವಿದ್ಯುತ್ ವ್ಯತ್ಯಾಸ ಇಳಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಚೀಲ ಪೊರೆಗೆ ಬೆಸೆದು ಇನ್ಸುಲಿನ್ ರಕ್ತಕ್ಕೆ ಸೇರುತ್ತದೆ. ಅಂದರೆ ಮೈಟೋಕಾಂಡ್ರಿಯಾ ಇಲ್ಲಿ ಸಕ್ಕರೆ ಅಳೆಯುವ ಕೆಲಸವನ್ನೂ ಮಾಡುತ್ತಿದೆ.

ಇದೆಲ್ಲ ಗೊತ್ತಾಗಿದ್ದು ಹೇಗೆ ಎಂಬುದಕ್ಕೂ ಒಂದು ಪ್ಯಾರಾ ಇರಲಿ. 1967ರಲ್ಲಿ ಕೋಶವಿಜ್ಞಾನಿಗಳಾದ ಜೇಮಿಸನ್ ಮತ್ತು ಪಲಾಡೆ ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯ ಚೂರುಗಳಿಗೆ 3 ನಿಮಿಷ ಮಾತ್ರ ವಿಕಿರಣಶೀಲ ಲ್ಯೂಸಿನ್ ಉಣಿಸಿ, ಆ ಗುರುತು ರೆಟಿಕ್ಯುಲಮ್ಮಿನಿಂದ ಗಾಲ್ಗಿಗೆ, ಅಲ್ಲಿಂದ ಚೀಲಕ್ಕೆ ಸಾಗುವುದನ್ನು ಹಿಂಬಾಲಿಸಿದರು. ಅವರು ನೋಡಿದ್ದು ಜೀರ್ಣಕಿಣ್ವಗಳನ್ನು, ಇನ್ಸುಲಿನ್ ಅಲ್ಲ, ಬರೆಯುವಾಗ ಬೆರೆಸಬೇಡಿ.

ಸೆಂಟ್ರಿಯೋಲ್, ಪೆರಾಕ್ಸಿಸೋಮ್ ಈ ಕಥೆಗೆ ಬರುವುದಿಲ್ಲ, ಬಿಟ್ಟುಬಿಡಿ. ಚಿತ್ರದಲ್ಲಿ ರೈಬೋಸೋಮನ್ನು ಮೈಟೋಕಾಂಡ್ರಿಯಾದಷ್ಟೇ ದಪ್ಪ ಬರೆದಿದ್ದೀರಿ. ಪಕ್ಕದಲ್ಲಿ ಅಳತೆಪಟ್ಟಿ ಹಾಕಿ. 900 ಪದ ಮೀರದಂತೆ ಮತ್ತೆ ಕಳಿಸಿ.

ಸಂಪಾದಕರು